ಕ್ಯಾನ್ಸರ್ ಕೋಶಗಳು ಸುತ್ತಲಿನ ಅಂಗಾಂಶವನ್ನು ಒಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗೆಡ್ಡೆಯೊಂದು ಇದ್ದಲ್ಲೇ ಬೆಳೆದು ಅಕ್ಕಪಕ್ಕವನ್ನು ಒತ್ತುವುದು ಬೇರೆ, ಅದರ ಕೋಶಗಳು ಎಲ್ಲೆ ದಾಟಿ ಪಕ್ಕದ ಅಂಗಾಂಶದೊಳಗೆ ನುಗ್ಗುವುದು ಬೇರೆ. ಈ ನುಗ್ಗುವಿಕೆಯನ್ನು ಆಸಿಡ್ ಸುರಿದಂತೆ ಎಂದು ಕಲ್ಪಿಸಿಕೊಳ್ಳುವವರು ತುಂಬ ಜನ. ವಾಸ್ತವದಲ್ಲಿ ಕತ್ತರಿಸುವ ಕೆಲಸ ನಡೆಯುವುದು ಹೆಚ್ಚಾಗಿ ಕೋಶದ ಮೈಗೆ ತಾಗಿಕೊಂಡೇ, ಮೈಕ್ರೊಮೀಟರ್‌ಗಳ ಅಳತೆಯಲ್ಲಿ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಈ ಕತ್ತರಿಸುವಿಕೆಯನ್ನು ತಡೆಯಲು ಬಂದ ಔಷಧಿಗಳು ಸೋತದ್ದು ಯಾಕೆ ಎಂಬುದೂ ಮುಂದೆ ಬರುತ್ತದೆ.

ಕ್ಯಾನ್ಸರ್ ಕೋಶ ಮೊದಲು ದಾಟಬೇಕಾದ ಗೋಡೆ ಯಾವುದು?

ತಳಪೊರೆ. ಚರ್ಮ, ಕರುಳು, ಸ್ತನದ ಹಾಲುನಾಳ, ಶ್ವಾಸನಾಳ ಇವೆಲ್ಲದರ ಒಳಹೊದಿಕೆಯ ಕೋಶಗಳು ಒಂದು ತೆಳು ಹಾಳೆಯ ಮೇಲೆ ಕೂತಿರುತ್ತವೆ. ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಲ್ಲಿ ನೋಡಿದರೆ ಹಲವು ಅಂಗಾಂಶಗಳಲ್ಲಿ ಇದರ ದಪ್ಪ 50ರಿಂದ 100 ನ್ಯಾನೊಮೀಟರ್ ಮಾತ್ರ. ಕೋಶದ ಅಡ್ಡಳತೆ ಸಾಮಾನ್ಯವಾಗಿ 10ರಿಂದ 20 ಮೈಕ್ರೊಮೀಟರ್, ಅಂದರೆ ಗೋಡೆಯ ದಪ್ಪದ ನೂರು ಪಟ್ಟಿಗೂ ಹೆಚ್ಚು. ಇಷ್ಟು ತೆಳುವಾದರೂ ಅದು ಸುಲಭಕ್ಕೆ ಹರಿಯುವುದಿಲ್ಲ. ಲ್ಯಾಮಿನಿನ್‌ನ ಒಂದು ಬಲೆ, 4ನೇ ವಿಧದ ಕೊಲಾಜೆನ್‌ನ ಇನ್ನೊಂದು ಬಲೆ, ಇವೆರಡನ್ನು ಬೆಸೆಯುವ ನಿಡೋಜೆನ್ ಮತ್ತು ಪರ್ಲಿಕ್ಯಾನ್, ಇದು ಅದರ ಕಟ್ಟಡ. ಕೊಲಾಜೆನ್ ಬಲೆಯ ಗಂಟುಗಳು ಗಟ್ಟಿ ರಾಸಾಯನಿಕ ಬಂಧಗಳು. ಕಣ್ಣುಗಳ ಅಗಲ ಕೆಲವು ಹತ್ತು ನ್ಯಾನೊಮೀಟರ್. ಅಣುಗಳು ತೂರುತ್ತವೆ, ಕೋಶ ತೂರುವುದಿಲ್ಲ.

ಹೊದಿಕೆಯ ಪದರದೊಳಗೆ ರಕ್ತನಾಳ ಇರುವುದಿಲ್ಲ. ರಕ್ತನಾಳ, ದುಗ್ಧನಾಳ, ಅಂಗಾಂಶದ ಎಳೆ ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು, ಹಗ್ಗದಂಥ 1ನೇ ವಿಧದ ಕೊಲಾಜೆನ್ ಎಳೆಗಳು, ಎಲ್ಲ ಇರುವುದು ಗೋಡೆಯ ಆಚೆ. ಆದ್ದರಿಂದ ಗೋಡೆ ದಾಟಿದ ಕೋಶಕ್ಕೆ ದೂರ ಸಾಗುವ ದಾರಿ ತೆರೆಯುತ್ತದೆ.

ಬಯಾಪ್ಸಿ ವರದಿಯಲ್ಲಿ ‘ಇನ್ ಸಿಟು’, ‘ಇನ್ವೇಸಿವ್’ ಎಂದು ಬರೆಯುವುದು ಇದನ್ನೇ ನೋಡಿಯೇ?

ಹೌದು. ಕೋಶಗಳು ಎಷ್ಟೇ ವಿಕಾರವಾಗಿದ್ದರೂ ತಳಪೊರೆಯ ಒಳಗೇ ಉಳಿದಿದ್ದರೆ ‘ಇನ್ ಸಿಟು’, ದಾಟಿದ್ದರೆ ‘ಇನ್ವೇಸಿವ್’. ಆದರೆ ಸಾಮಾನ್ಯ ಮೈಕ್ರೊಸ್ಕೋಪ್‌ನಲ್ಲಿ ಈ ಪೊರೆ ಸ್ಪಷ್ಟವಾಗಿ ಕಾಣುವುದಿಲ್ಲ. ಹಾಗಾಗಿ ರೋಗಶಾಸ್ತ್ರಜ್ಞರು ಅಕ್ಕಪಕ್ಕದ ಸಾಕ್ಷಿ ಹುಡುಕುತ್ತಾರೆ. ಸ್ತನದ ಹಾಲುನಾಳದ ಸುತ್ತ ಮಯೋಎಪಿಥೀಲಿಯಲ್ ಕೋಶಗಳ ಒಂದು ಸಾಲು ಇರುತ್ತದೆ. ಪಿ63 ಎಂಬ ಪ್ರೋಟೀನಿಗೆ ಬಣ್ಣ ಹಾಕಿದಾಗ ಅವುಗಳ ಕೋಶಕೇಂದ್ರಗಳು ನಾಳದ ಅಂಚಿನಲ್ಲಿ ಕಂದು ಚುಕ್ಕೆಗಳ ಬಳೆಯಂತೆ ಕಾಣುತ್ತವೆ. ಬಳೆ ಪೂರ್ತಿ ಇದ್ದರೆ ಕೋಶಗಳು ಒಳಗಿವೆ ಎಂದರ್ಥ. ಬಳೆಯೇ ಇಲ್ಲದ, ಅಂಚು ಅಂಕುಡೊಂಕಾದ ಗುಂಪುಗಳು ಕೊಲಾಜೆನ್ ನಡುವೆ ಬಿದ್ದಿದ್ದರೆ ನುಗ್ಗಿವೆ ಎಂದರ್ಥ.

ಇಲ್ಲಿ ಎಡವುವುದು ಸುಲಭ. ನಾಳದ ಅಂಚನ್ನು ಓರೆಯಾಗಿ ಕತ್ತರಿಸಿದ ತೆಳುಪದರದಲ್ಲಿ ಒಳಗಿನ ಕೋಶಗಳೇ ಹೊರಗಿರುವಂತೆ ತೋರುತ್ತವೆ. ಅನುಮಾನ ಬಂದರೆ ಅದೇ ಮೇಣದ ಬ್ಲಾಕಿನಿಂದ ಇನ್ನಷ್ಟು ಪದರ ಕತ್ತರಿಸಿ, ಒಂದಕ್ಕಿಂತ ಹೆಚ್ಚು ಬಣ್ಣ ಹಾಕಿ ನೋಡಬೇಕು. ವರದಿ ಕೆಲವು ದಿನ ತಡವಾಗಲು ಇದೂ ಒಂದು ಕಾರಣ, ಮತ್ತು ಆ ತಡ ಒಳ್ಳೆಯದಕ್ಕೇ.

ದಾಟಿದ್ದು ಎಷ್ಟು ಎಂಬ ಅಳತೆ ಅಂಗದಿಂದ ಅಂಗಕ್ಕೆ ಬೇರೆ. ಸ್ತನದಲ್ಲಿ 1 ಮಿಲಿಮೀಟರ್ ಮೀರದಿದ್ದರೆ ಅದನ್ನು ಸೂಕ್ಷ್ಮ ನುಗ್ಗುವಿಕೆ ಎಂದು ಪ್ರತ್ಯೇಕವಾಗಿ ಬರೆಯುತ್ತಾರೆ. ಚರ್ಮದ ಮೆಲನೋಮಾದಲ್ಲಿ ದಪ್ಪವನ್ನು ಮಿಲಿಮೀಟರ್‌ನ ಹತ್ತನೇ ಒಂದು ಭಾಗದವರೆಗೆ ಅಳೆಯುತ್ತಾರೆ. ದೊಡ್ಡಕರುಳಿನ ವಿಷಯ ಇನ್ನೂ ಬೇರೆ: ಅಲ್ಲಿ ತಳಪೊರೆ ದಾಟಿದರೂ ಒಳಪದರದ ಸ್ನಾಯುಪಟ್ಟಿಯನ್ನು ದಾಟದಿದ್ದರೆ ಅದು ‘ಟಿಐಎಸ್’ ಎಂಬ ಮೊದಲ ಹಂತದಲ್ಲೇ ಉಳಿಯುತ್ತದೆ.

ಒಂದು ಕೋಶ ಗೋಡೆಯಲ್ಲಿ ತೂತು ಕೊರೆಯುವುದು ಹೇಗೆ?

ಕೋಶದ ತಳಭಾಗದಿಂದ ಸಣ್ಣ ಸಣ್ಣ ಕಾಲುಗಳು ಕೆಳಕ್ಕೆ ಮೂಡುತ್ತವೆ. ಇವಕ್ಕೆ ಇನ್ವಡೊಪೋಡಿಯ ಎಂದು ಹೆಸರು, ನುಗ್ಗುವ ಪಾದಗಳು ಎಂದರ್ಥ. ಅಡ್ಡಳತೆ ಸುಮಾರು ಅರ್ಧದಿಂದ 2 ಮೈಕ್ರೊಮೀಟರ್, ಉದ್ದ ಕೆಲವು ಮೈಕ್ರೊಮೀಟರ್. ರೌಸ್ ಸಾರ್ಕೋಮಾ ವೈರಸ್‌ನಿಂದ ಮಾರ್ಪಟ್ಟ ಕೋಶಗಳಲ್ಲಿ 1980ರ ದಶಕದಲ್ಲಿ ಇವನ್ನು ಮೊದಲು ವಿವರಿಸಲಾಯಿತು.

ಕಟ್ಟುವ ಕ್ರಮ ಹೀಗೆ. ಬೆಳವಣಿಗೆಯ ಸಂಕೇತ, ಉದಾಹರಣೆಗೆ ಇಜಿಎಫ್, ಹೊರಗಿನಿಂದ ಬಂದು ತಟ್ಟುತ್ತದೆ. ಒಳಗೆ ಎಸ್‌ಆರ್‌ಸಿ ಎಂಬ ಕಿಣ್ವ ಚುರುಕಾಗುತ್ತದೆ. ಟಿಕೆಎಸ್5 ಎಂಬ ಪ್ರೋಟೀನ್ ಕೋಶಪೊರೆಯ ಆ ಜಾಗಕ್ಕೆ ಗೂಟದಂತೆ ನೆಡುತ್ತದೆ. ಅದರ ಸುತ್ತ ಕಾರ್ಟಾಕ್ಟಿನ್, ಎನ್-ವಾಸ್ಪ್, ಎಆರ್‌ಪಿ2/3 ಎಂಬ ಪ್ರೋಟೀನ್‌ಗಳು ಸೇರಿ, ಕೋಶದ ಅಸ್ಥಿಪಂಜರದಂಥ ಆಕ್ಟಿನ್ ಎಳೆಗಳನ್ನು ಕವಲು ಕವಲಾಗಿ ಕಟ್ಟುತ್ತವೆ. ಈ ಆಕ್ಟಿನ್ ಕಂಬವೇ ಪೊರೆಯನ್ನು ಮುಂದಕ್ಕೆ ತಳ್ಳುವ ಬಲ. ಕಡೆಗೆ ಕೋಶದೊಳಗಿನ ಚೀಲಗಳು ಬಂದು ಪಾದದ ತುದಿಗೆ ಬೆರೆತು, ಕತ್ತರಿಸುವ ಕಿಣ್ವವನ್ನು ಅಲ್ಲೇ ಕೂರಿಸುತ್ತವೆ.

ಈ ಕೊನೆಯ ಹೆಜ್ಜೆ ತಪ್ಪಿದರೆ ಪಾದ ಮೂಡುತ್ತದೆ, ತಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಕುಸಿದುಹೋಗುತ್ತದೆ. ಕಿಣ್ವ ಸೇರಿ ಬಲಿತ ಪಾದ ಗಂಟೆಗೂ ಮೀರಿ ನಿಲ್ಲಬಲ್ಲದು. ಟಿಕೆಎಸ್5 ತೆಗೆದುಹಾಕಿದ ಕೋಶಗಳಲ್ಲಿ ಕಿಣ್ವದ ವಂಶವಾಹಿ ಸರಿಯಾಗಿದ್ದರೂ ತೂತು ಕೊರೆಯುವ ಶಕ್ತಿ ಬಹುಪಾಲು ಇಲ್ಲವಾಗುತ್ತದೆ. ಕತ್ತಿ ಇದ್ದರೆ ಸಾಲದು, ಹಿಡಿಯುವ ಕೈಯೂ ಬೇಕು.

ಕತ್ತರಿಸುವ ಕಿಣ್ವಗಳು ಯಾವುವು?

ಮುಖ್ಯವಾದವು ಎಂಎಂಪಿಗಳು, ಪೂರ್ತಿ ಹೆಸರು ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್. ಮನುಷ್ಯರಲ್ಲಿ 23 ಬಗೆ ಇವೆ. ಪ್ರತಿಯೊಂದರ ಕತ್ತರಿಸುವ ಬಾಯಲ್ಲೂ ಒಂದು ಸತುವಿನ ಅಯಾನು ಕೂತಿರುತ್ತದೆ. ಈ ಬಳಗದ ಮೊದಲ ಕಿಣ್ವ ಸಿಕ್ಕಿದ್ದು 1962ರಲ್ಲಿ, ಕಪ್ಪೆಮರಿಯ ಬಾಲ ಕರಗುವುದು ಹೇಗೆಂದು ಹುಡುಕುವಾಗ.

ಕೊಲಾಜೆನ್ ಒಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1ನೇ ವಿಧದ ಕೊಲಾಜೆನ್ ಅಣು ಎಂದರೆ ಮೂರು ಎಳೆ ಹೊಸೆದ ಹಗ್ಗ: ಉದ್ದ 300 ನ್ಯಾನೊಮೀಟರ್, ದಪ್ಪ ಒಂದೂವರೆ ನ್ಯಾನೊಮೀಟರ್. ಹೊಸೆತ ಎಷ್ಟು ಬಿಗಿ ಎಂದರೆ ಸಾಮಾನ್ಯ ಪ್ರೋಟೀನ್-ಭಂಜಕಗಳ ಬಾಯಿಗೆ ಒಂದು ಎಳೆಯೂ ಸಿಕ್ಕುವುದಿಲ್ಲ. ಎಂಎಂಪಿ-1, 8, 13 ಮತ್ತು ಕೋಶಪೊರೆಗೆ ನೆಟ್ಟ ಎಂಟಿ1-ಎಂಎಂಪಿಯಂಥ ಕೆಲವು ಮಾತ್ರ ಹೊಸೆತವನ್ನು ಒಂದು ನಿಗದಿತ ಜಾಗದಲ್ಲಿ ಸಡಿಲಿಸಿ ಕತ್ತರಿಸಬಲ್ಲವು. ಹಗ್ಗ ಮುಕ್ಕಾಲು ಮತ್ತು ಕಾಲು ಭಾಗದ ಎರಡು ತುಂಡಾಗುತ್ತದೆ. ಮುಂದಿನದಕ್ಕೆ ಮೈಶಾಖವೇ ಸಾಕು. 37 ಡಿಗ್ರಿಯಲ್ಲಿ ಈ ತುಂಡುಗಳ ಹೊಸೆತ ತಾನಾಗಿ ಬಿಚ್ಚಿ ಜೆಲಾಟಿನ್ ಆಗುತ್ತದೆ. ಅದನ್ನು ಎಂಎಂಪಿ-2 ಮತ್ತು ಎಂಎಂಪಿ-9 ಚೂರು ಚೂರು ಮಾಡುತ್ತವೆ.

ಇವುಗಳ ಜೊತೆಗೆ ಯುಪಿಎ ಎಂಬ ಕಿಣ್ವ ಪ್ಲಾಸ್ಮಿನೋಜೆನ್ ಅನ್ನು ಕತ್ತರಿಸುವ ಪ್ಲಾಸ್ಮಿನ್ ಮಾಡಿ, ರಕ್ತದ ಹೆಪ್ಪಿನ ಎಳೆಯಾದ ಫೈಬ್ರಿನ್ ಮತ್ತಿತರ ಪ್ರೋಟೀನ್‌ಗಳನ್ನು ಒಡೆಸುತ್ತದೆ. ಹೆಪಾರನೇಸ್ ಸಕ್ಕರೆ ಸರಪಳಿಗಳನ್ನು ಕತ್ತರಿಸುತ್ತದೆ. ಕ್ಯಾಥೆಪ್ಸಿನ್ ಬಿ ಮತ್ತು ಎಲ್ ಹುಳಿ ವಾತಾವರಣದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆಸಿಡ್ ಕಲ್ಪನೆಯಲ್ಲಿ ನಿಜವಾದ ಅಂಶವಿರುವುದು ಇಷ್ಟೇ: ಗೆಡ್ಡೆಯ ಕೋಶಗಳು ಗ್ಲೂಕೋಸ್‌ನಿಂದ ಲ್ಯಾಕ್ಟಿಕ್ ಆಮ್ಲ ಮಾಡಿ ಹೊರದೂಡುವುದರಿಂದ ಸುತ್ತಲಿನ ಪಿಎಚ್ 7.4ರ ಬದಲು 6.5ರಿಂದ 6.9ರ ಆಸುಪಾಸಿಗೆ ಇಳಿಯಬಹುದು. ಆ ಹುಳಿಯೇ ಕೊಲಾಜೆನ್ ಕರಗಿಸುವುದಿಲ್ಲ, ಹುಳಿ ಬೇಡುವ ಕಿಣ್ವಗಳಿಗೆ ನೆಲ ಹದ ಮಾಡಿಕೊಡುತ್ತದೆ.

ಇವು ಕ್ಯಾನ್ಸರಿಗೆ ಮಾತ್ರ ಸೇರಿದ ಕಿಣ್ವಗಳೇ?

ಅಲ್ಲ. ಗಾಯ ಮಾಯುವಾಗ, ಭ್ರೂಣ ಗರ್ಭಕೋಶದಲ್ಲಿ ನೆಲೆಯೂರುವಾಗ, ಮೂಳೆ ಬೆಳೆಯುವಾಗ ಇವೇ ಕೆಲಸ ಮಾಡುತ್ತವೆ. ಮ್ಯಾಕ್ರೊಫೇಜ್ ಎಂಬ ರಕ್ಷಣಾಕೋಶಗಳಿಗೂ ನುಗ್ಗುವ ಪಾದಗಳನ್ನೇ ಹೋಲುವ ಪೋಡೊಸೋಮ್‌ಗಳಿವೆ. ಕ್ಯಾನ್ಸರ್ ಹೊಸ ಆಯುಧವನ್ನೇನೂ ಕಂಡುಹಿಡಿಯಲಿಲ್ಲ. ಕೆಲಸ ಮುಗಿದ ಮೇಲೆ ನಿಲ್ಲಿಸುವ ಸೂಚನೆ ಅದರ ಬಳಿ ಇಲ್ಲ.

ಹಾಗಾದರೆ ಕಿಣ್ವ ಎದುರಿಗೆ ಸಿಕ್ಕಿದ್ದನ್ನೆಲ್ಲ ಯಾಕೆ ಕತ್ತರಿಸಿಹಾಕುವುದಿಲ್ಲ?

ಎಂಎಂಪಿಗಳು ಹುಟ್ಟುವಾಗ ಬೀಗ ಹಾಕಿಕೊಂಡೇ ಹುಟ್ಟುತ್ತವೆ. ಮುಂಭಾಗದ ಬಾಲದಲ್ಲಿರುವ ಒಂದು ಸಿಸ್ಟೀನ್, ಸತುವಿಗೆ ಅಂಟಿಕೊಂಡು ಬಾಯಿ ಮುಚ್ಚಿರುತ್ತದೆ. ಆ ಬಾಲ ಕತ್ತರಿಸಿಹೋದರೆ ಮಾತ್ರ ಕಿಣ್ವ ಎಚ್ಚರವಾಗುತ್ತದೆ. ಎಂಟಿ1-ಎಂಎಂಪಿಯ ಬೀಗವನ್ನು ಫ್ಯೂರಿನ್ ಎಂಬ ಕಿಣ್ವ ಕೋಶದೊಳಗೇ ತೆಗೆಯುವುದರಿಂದ ಅದು ಮೇಲ್ಮೈಗೆ ಬರುವಾಗಲೇ ಸಿದ್ಧವಾಗಿರುತ್ತದೆ. 1994ರಲ್ಲಿ ಪತ್ತೆಯಾದ ಇದು ಕೋಶಪೊರೆಯನ್ನು ದಾಟಿ ನಿಂತ ಕಿಣ್ವ, ತೇಲಿಹೋಗುವುದಿಲ್ಲ.

ಎಂಎಂಪಿ-2ರ ಬೀಗ ತೆಗೆಯುವ ಏರ್ಪಾಡು ಸೊಗಸಾದದ್ದು. ಟಿಂಪ್-2 ಮೂಲತಃ ಎಂಎಂಪಿಗಳನ್ನು ತಡೆಯುವ ಪ್ರೋಟೀನ್. ಅದು ಒಂದು ಎಂಟಿ1-ಎಂಎಂಪಿಯ ಬಾಯಿ ಮುಚ್ಚಿ ಕೂರುತ್ತದೆ, ಇನ್ನೊಂದು ತುದಿಯಿಂದ ಬೀಗ ಹಾಕಿದ ಎಂಎಂಪಿ-2 ಅನ್ನು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲಿ ಖಾಲಿ ಇರುವ ಎರಡನೇ ಎಂಟಿ1-ಎಂಎಂಪಿ ಆ ಬೀಗ ಕತ್ತರಿಸುತ್ತದೆ. ಹಾಗಾಗಿ ಟಿಂಪ್-2 ಸ್ವಲ್ಪ ಇದ್ದರೆ ಕತ್ತರಿಸುವಿಕೆಗೆ ನೆರವು, ತುಂಬ ಇದ್ದರೆ ಪಕ್ಕದ ಅಣುವಿನ ಬಾಯಿಯೂ ಮುಚ್ಚಿ ಪೂರ್ತಿ ತಡೆ. ‘ತಡೆಯುವ ಪ್ರೋಟೀನ್ ಹೆಚ್ಚಿದೆ, ಆದ್ದರಿಂದ ಒಳ್ಳೆಯದು’ ಎಂದು ಕಣ್ಣುಮುಚ್ಚಿ ಹೇಳಲಾಗದು. ಯುಪಿಎಯನ್ನು ತಡೆಯುವ ಪಿಎಐ-1 ಕೂಡ ಹೀಗೆಯೇ: ಸ್ತನ ಕ್ಯಾನ್ಸರ್‌ನಲ್ಲಿ ಅದರ ಮಟ್ಟ ಹೆಚ್ಚಿದ್ದರೆ ರೋಗ ಮರುಕಳಿಸುವ ಅಪಾಯವೂ ಹೆಚ್ಚು.

ಕಿಣ್ವವೆಲ್ಲ ಗೆಡ್ಡೆಯ ಕೋಶಗಳಿಂದಲೇ ಬರುತ್ತದೆಯೇ?

ದೊಡ್ಡ ಪಾಲು ಪಕ್ಕದವರದು. ಎಂಎಂಪಿ-11 ಅನ್ನು 1990ರಲ್ಲಿ ಸ್ತನ ಕ್ಯಾನ್ಸರ್‌ನಲ್ಲಿ ಗುರುತಿಸಿದಾಗ ಅದು ಸಿಕ್ಕಿದ್ದು ಗೆಡ್ಡೆಯ ಕೋಶಗಳಲ್ಲಲ್ಲ, ಅವನ್ನು ಸುತ್ತುವರಿದ ಫೈಬ್ರೊಬ್ಲಾಸ್ಟ್‌ಗಳಲ್ಲಿ. ಮ್ಯಾಕ್ರೊಫೇಜ್ ಮತ್ತು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಎಂಎಂಪಿ-9 ತರುತ್ತವೆ. ಎಷ್ಟೋ ಸಲ ಫೈಬ್ರೊಬ್ಲಾಸ್ಟ್ ಮುಂದೆ ಸಾಗಿ ಕೊಲಾಜೆನ್‌ನಲ್ಲಿ ಸುರಂಗ ಮಾಡುತ್ತದೆ, ಕ್ಯಾನ್ಸರ್ ಕೋಶಗಳು ಒಂದರ ಹಿಂದೊಂದು ಅದೇ ದಾರಿಯಲ್ಲಿ ಹೋಗುತ್ತವೆ.

ಒಡೆಯುವುದರ ಜೊತೆಗೇ ಕಟ್ಟುವುದೂ ನಡೆಯುತ್ತದೆ. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಹೊಸ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೊಲಿಯುತ್ತದೆ, ಅಂಗಾಂಶ ಬಿರುಸಾಗುತ್ತದೆ. ಸ್ತನದ ಗಂಟು ಬೆರಳಿಗೆ ಗಟ್ಟಿಯಾಗಿ ತಾಗುವುದಕ್ಕೆ ಬಹುಮಟ್ಟಿಗೆ ಕಾರಣ ಈ ಕೊಲಾಜೆನ್. ಬಿರುಸು ನೆಲ ಸಿಕ್ಕಿದ ಕೋಶ ಇನ್ನಷ್ಟು ಎಳೆದು, ಎಳೆಗಳನ್ನು ಗೆಡ್ಡೆಯ ಅಂಚಿಗೆ ಲಂಬವಾಗಿ ಸಾಲುಗೂಡಿಸುತ್ತದೆ. ಆ ಸಾಲುಗಳೇ ಹೊರಹೋಗುವ ಹಳಿ.

ಕಿಣ್ವವೇ ಇಲ್ಲದೆ ನುಸುಳಲು ಸಾಧ್ಯವೇ?

ಜಾಗ ಇದ್ದರೆ ಸಾಧ್ಯ. ಕಿಣ್ವ ತಡೆದಾಗ ಕೆಲವು ಕ್ಯಾನ್ಸರ್ ಕೋಶಗಳು ಉದ್ದನೆಯ ಆಕಾರ ಬಿಟ್ಟು ಅಮೀಬಾದಂತೆ ದುಂಡಗಾಗಿ, ಮೈ ಹಿಂಡಿಕೊಂಡು ಎಳೆಗಳ ಸಂದಿಯಲ್ಲಿ ತೂರುತ್ತವೆ. ಕೋಶದ ಮೆದು ಭಾಗ ಎಂಥ ಕಿಂಡಿಯಲ್ಲೂ ಹೋದೀತು, ಸಿಕ್ಕಿಕೊಳ್ಳುವುದು ಕೋಶಕೇಂದ್ರ. 2013ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಕಿಣ್ವವಿಲ್ಲದ ಗೆಡ್ಡೆಕೋಶಗಳು ಕಿಂಡಿಯ ವಿಸ್ತೀರ್ಣ ಸುಮಾರು 7 ಚದರ ಮೈಕ್ರೊಮೀಟರ್‌ಗೆ ಇಳಿದಾಗ ನಿಂತುಬಿಟ್ಟವು. ಕೋಶಕೇಂದ್ರ ಸಡಿಲವಾಗಿರುವಾಗಿನ ಅಡ್ಡಕೊಯ್ತದ ಹತ್ತನೇ ಒಂದು ಭಾಗ ಅದು. ಹಿಂಡಿಕೊಂಡು ದಾಟುವಾಗ ಕೋಶಕೇಂದ್ರದ ಪೊರೆ ಹರಿದು ಡಿಎನ್‌ಎಗೆ ಪೆಟ್ಟಾಗುವುದೂ ಉಂಟು, ಕೋಶ ಅದನ್ನು ತೇಪೆ ಹಾಕಿಕೊಂಡು ಮುಂದೆ ಸಾಗುತ್ತದೆ.

ತಳಪೊರೆಯ ವಿಷಯದಲ್ಲೂ ಬಲಪ್ರಯೋಗದ ಉದಾಹರಣೆ ಇದೆ. ಸಿ. ಎಲೆಗಾನ್ಸ್ ಎಂಬ ಸಣ್ಣ ಹುಳುವಿನ ಬೆಳವಣಿಗೆಯಲ್ಲಿ ಒಂದು ಕೋಶ ಸಹಜವಾಗಿಯೇ ತಳಪೊರೆ ಒಡೆದು ಹೋಗುತ್ತದೆ. ಅದರ ಎಂಎಂಪಿಗಳನ್ನೆಲ್ಲ ತೆಗೆದರೂ, ತಡವಾಗಿಯಾದರೂ, ದೊಡ್ಡ ಆಕ್ಟಿನ್ ಚಾಚು ಕಟ್ಟಿ, ಮೈಟೊಕಾಂಡ್ರಿಯಗಳನ್ನು ಅಲ್ಲಿಗೇ ಕರೆಸಿಕೊಂಡು ಅದು ದಾಟಿತು.

ಒಡೆದ ಚೂರುಗಳು ಏನಾಗುತ್ತವೆ?

ಸುಮ್ಮನೆ ಹೋಗುವುದಿಲ್ಲ. ಜಾಲದಲ್ಲಿ ಅಡಗಿದ್ದ ಟಿಜಿಎಫ್-ಬೀಟಾ, ವಿಇಜಿಎಫ್, ಎಫ್‌ಜಿಎಫ್-2 ಎಂಬ ಬೆಳವಣಿಗೆಯ ಸಂಕೇತಗಳು ಬಿಡುಗಡೆಯಾಗಿ ಗೆಡ್ಡೆಗೂ ಹೊಸ ರಕ್ತನಾಳಗಳಿಗೂ ಪ್ರಚೋದನೆ ಕೊಡುತ್ತವೆ. ಆದರೆ 18ನೇ ವಿಧದ ಕೊಲಾಜೆನ್‌ನ ಚೂರು ಎಂಡೊಸ್ಟಾಟಿನ್, 4ನೇ ವಿಧದ ಚೂರು ಟಮ್‌ಸ್ಟಾಟಿನ್, ಇವೆರಡೂ ರಕ್ತನಾಳ ಬೆಳೆಯದಂತೆ ತಡೆಯುತ್ತವೆ. ಒಂದೇ ಕತ್ತರಿಯಿಂದ ಎರಡೂ ಬಗೆಯ ಫಲ.

ಎಂಎಂಪಿ ತಡೆಯುವ ಔಷಧಿ ಕೊಟ್ಟು ನಿಲ್ಲಿಸಬಹುದಲ್ಲವೇ?

1990ರ ದಶಕದಲ್ಲಿ ಎಲ್ಲರೂ ಹೀಗೇ ಯೋಚಿಸಿದರು. ಬಟಿಮಾಸ್ಟಾಟ್, ಮಾರಿಮಾಸ್ಟಾಟ್, ಪ್ರಿನೋಮಾಸ್ಟಾಟ್, ಟನೋಮಾಸ್ಟಾಟ್ ಎಂಬ ಔಷಧಿಗಳು ರೋಗಿಗಳವರೆಗೆ ಬಂದವು, ಮತ್ತು ಸೋತವು. ಮಾರಿಮಾಸ್ಟಾಟ್ ತೆಗೆದುಕೊಂಡವರಲ್ಲಿ ಹಲವರಿಗೆ ಭುಜ, ಕೈಗಳ ಕೀಲು ನೋವು ಮತ್ತು ಬಿಗಿತ ಬಂದು ಪ್ರಮಾಣ ಇಳಿಸಬೇಕಾಯಿತು. ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಟನೋಮಾಸ್ಟಾಟ್ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟದ್ದರಿಂದ ಆ ಪ್ರಯೋಗವನ್ನು 1999ರಲ್ಲಿ ನಿಲ್ಲಿಸಲಾಯಿತು.

ಕಾರಣಗಳು ಹಲವು, ನಮ್ಮ ಪ್ರಕಾರ ಮೊದಲನೆಯದೇ ದೊಡ್ಡದು. ಪ್ರಯೋಗಕ್ಕೆ ಸೇರಿದವರಲ್ಲಿ ಹೆಚ್ಚಿನವರಿಗೆ ರೋಗ ಆಗಲೇ ಹರಡಿತ್ತು, ಗೋಡೆ ಒಡೆಯುವ ಹಂತ ಎಂದೋ ದಾಟಿಹೋಗಿತ್ತು. ಇಲಿಗಳಲ್ಲಿ ಔಷಧಿ ಫಲ ಕೊಟ್ಟದ್ದು ಆರಂಭದ ಹಂತದಲ್ಲಿ. ಎರಡನೆಯದು, ಎಂಎಂಪಿ-8ರಂಥ ಕೆಲವು ಕಿಣ್ವಗಳು ಗೆಡ್ಡೆಯ ವಿರುದ್ಧವೇ ಕೆಲಸ ಮಾಡುತ್ತವೆ, ಸಾರಾಸಗಟು ತಡೆದಾಗ ಅವೂ ನಿಂತವು. ಮೂರನೆಯದು ಮೇಲೆ ಹೇಳಿದ ಬಳಸುದಾರಿಗಳು. ಆಮೇಲೆ ಎಂಎಂಪಿ-9 ಒಂದನ್ನೇ ಹಿಡಿಯುವ ಆಂಡೆಕ್ಯಾಲಿಕ್ಸಿಮ್ಯಾಬ್ ಕೂಡ ಜಠರದ ಕ್ಯಾನ್ಸರ್‌ನ 3ನೇ ಹಂತದ ಪ್ರಯೋಗದಲ್ಲಿ ರೋಗಿಗಳ ಆಯುಷ್ಯ ಹೆಚ್ಚಿಸಲಿಲ್ಲ.

ಡಾಕ್ಸಿಸೈಕ್ಲಿನ್ 20 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಎಂಎಂಪಿ ತಡೆಯುವ ಸಲುವಾಗಿಯೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ಅದು ವಸಡಿನ ರೋಗಕ್ಕೆ. ಕ್ಯಾನ್ಸರ್ ತಡೆದೀತೆಂದು ಅದನ್ನು ತಾನಾಗಿ ನುಂಗಬಾರದು.

ಮೂಳೆಯನ್ನೂ ಇದೇ ರೀತಿ ಕೊರೆಯುತ್ತವೆಯೇ?

ಇಲ್ಲ, ಮೂಳೆಯಲ್ಲಿ ಕ್ಯಾನ್ಸರ್ ಕೋಶಗಳು ಬಹುಪಾಲು ಕೆಲಸವನ್ನು ಮೂಳೆಯದೇ ಕೋಶಗಳಿಂದ ಮಾಡಿಸಿಕೊಳ್ಳುತ್ತವೆ. ಸ್ತನದಿಂದ ಬಂದ ಕ್ಯಾನ್ಸರ್ ಕೋಶ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನ್ ಸ್ರವಿಸುತ್ತದೆ. ಅದು ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳಿಂದ ಆರ್‌ಎಎನ್‌ಕೆಎಲ್ ಎಂಬ ಸಂಕೇತ ಪ್ರೋಟೀನ್ ಹೊರಡಿಸುತ್ತದೆ. ಆರ್‌ಎಎನ್‌ಕೆಎಲ್‌ನಿಂದ ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್‌ಗಳು ಹೆಚ್ಚುತ್ತವೆ. ಅವು ಮೂಳೆಗೆ ಬಿಗಿಯಾಗಿ ಅಂಟಿ, ಅಡಿಯ ಮುಚ್ಚಿದ ಜಾಗಕ್ಕೆ ಆಮ್ಲ ಬಿಟ್ಟು ಖನಿಜ ಕರಗಿಸುತ್ತವೆ, ಅಲ್ಲಿ ಪಿಎಚ್ 4.5ರ ಹತ್ತಿರ. ಉಳಿದ ಕೊಲಾಜೆನ್ ಅನ್ನು ಕ್ಯಾಥೆಪ್ಸಿನ್ ಕೆ ಒಡೆಯುತ್ತದೆ. ಆಗ ಮೂಳೆಯಿಂದ ಬಿಡುಗಡೆಯಾದ ಟಿಜಿಎಫ್-ಬೀಟಾ ಕ್ಯಾನ್ಸರ್ ಕೋಶದ ಪಿಟಿಎಚ್‌ಆರ್‌ಪಿಯನ್ನು ಮತ್ತೆ ಏರಿಸುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ.

ಸಂತೋಷದ ವಿಷಯವೆಂದರೆ ಈ ಚಕ್ರಕ್ಕೆ ಅಡ್ಡಗೋಲು ಹಾಕುವ ಔಷಧಿಗಳಿವೆ. ಜೊಲೆಡ್ರಾನಿಕ್ ಆಮ್ಲ ಆಸ್ಟಿಯೋಕ್ಲಾಸ್ಟ್‌ಗಳನ್ನು ಕುಂದಿಸುತ್ತದೆ, ಡೆನೊಸುಮ್ಯಾಬ್ ಆರ್‌ಎಎನ್‌ಕೆಎಲ್ ಅನ್ನೇ ಹಿಡಿದುಹಾಕುತ್ತದೆ. ಮೂಳೆ ಮುರಿತ ಕಡಿಮೆಯಾಗುತ್ತದೆ. ಶುರುಮಾಡುವ ಮೊದಲು ಹಲ್ಲಿನ ತಪಾಸಣೆ ಮಾಡಿಸಿ, ಕೀಳಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಬೇಕು, ಏಕೆಂದರೆ ಆಮೇಲೆ ಕಿತ್ತರೆ ದವಡೆಮೂಳೆ ಸಾಯುವ ಅಪಾಯವಿದೆ. ರಕ್ತದ ಕ್ಯಾಲ್ಸಿಯಂ ತೀರ ಇಳಿಯದಂತೆ ನೋಡಿಕೊಳ್ಳಬೇಕು. ಜೊಲೆಡ್ರಾನಿಕ್ ಆಮ್ಲಕ್ಕೆ ಮೂತ್ರಪಿಂಡದ ಪರೀಕ್ಷೆಯೂ ಬೇಕು.

ರಕ್ತದಲ್ಲಿ ಎಂಎಂಪಿ ಅಳೆದು ಕ್ಯಾನ್ಸರ್ ಪತ್ತೆ ಮಾಡಬಹುದೇ?

ದಿನನಿತ್ಯದ ಪತ್ತೆಗೆ ಆಗದು. ಯಾವುದೇ ಉರಿಯೂತದಲ್ಲಿ ಎಂಎಂಪಿ-9 ಏರುತ್ತದೆ. ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳು ಅದನ್ನು ಕಕ್ಕುವುದರಿಂದ, ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವವಾದ ಸೀರಮ್‌ನಲ್ಲಿ, ಹೆಪ್ಪುಗಟ್ಟದಂತೆ ತೆಗೆದ ಪ್ಲಾಸ್ಮಾಕ್ಕಿಂತ ಹೆಚ್ಚು ಕಾಣುತ್ತದೆ.

ಬಯಾಪ್ಸಿ ಸೂಜಿ ಚುಚ್ಚಿದರೆ ಕೋಶಗಳು ಹರಡುತ್ತವೆಯೇ?

ಸೂಜಿಯ ದಾರಿಯಲ್ಲಿ ಕೋಶ ನೆಲೆಯೂರುವುದು ಅಪರೂಪ. ಆ ಅಪಾಯ ಎಣಿಸಬೇಕಾದ ಕಡೆ, ಉದಾಹರಣೆಗೆ ವೃಷಣದಲ್ಲಿ, ವೈದ್ಯರು ಸೂಜಿ ಚುಚ್ಚುವುದೇ ಇಲ್ಲ. ಉಳಿದಂತೆ ಪರೀಕ್ಷೆ ಮುಂದೂಡುವುದೇ ಹೆಚ್ಚಿನ ಅಪಾಯ.

ಲ್ಯಾಬ್‌ನಲ್ಲಿ ಈ ಕೊರೆತವನ್ನು ಕಣ್ಣಾರೆ ನೋಡುವುದು ಹೇಗೆ? ಎಲ್ಲಿ ಕೆಡುತ್ತದೆ?

ಹೊಳೆಯುವ ಬಣ್ಣ ಸೇರಿಸಿದ ಜೆಲಾಟಿನ್ ಅನ್ನು ಕವರ್‌ಸ್ಲಿಪ್‌ಗೆ ತೆಳುವಾಗಿ ಹಚ್ಚಿ ಮೇಲೆ ಕೋಶ ಬಿಡುವುದು ರೂಢಿ. ಮೊದಲು ಗಾಜಿಗೆ ಪಾಲಿ-ಲೈಸಿನ್, ಮಿಲಿಲೀಟರಿಗೆ 50 ಮೈಕ್ರೊಗ್ರಾಂ. ನಂತರ 0.5% ಗ್ಲೂಟರಾಲ್ಡಿಹೈಡ್, ಮಂಜುಗಡ್ಡೆಯ ಮೇಲೆ 15 ನಿಮಿಷ. ಆಮೇಲೆ ಬೆಚ್ಚಗಿನ ಜೆಲಾಟಿನ್, ಬೆಳಕು ಬೀಳದಂತೆ. ಉಳಿದ ಆಲ್ಡಿಹೈಡ್ ಕೋಶಕ್ಕೆ ವಿಷ, ಆದ್ದರಿಂದ ಮಿಲಿಲೀಟರಿಗೆ 5 ಮಿಲಿಗ್ರಾಂ ಸೋಡಿಯಂ ಬೋರೋಹೈಡ್ರೈಡ್ ಆಗಷ್ಟೇ ಕಲಸಿ ಹಾಕಬೇಕು. ಗುಳ್ಳೆ ಏಳುತ್ತದೆ, ಗಾಜು ತೇಲದಂತೆ ನೋಡಿಕೊಳ್ಳಿ. ಚೆನ್ನಾಗಿ ತೊಳೆದು ಕೋಶ ಬಿಟ್ಟು, ಕೆಲವು ಗಂಟೆಗಳಿಂದ ಒಂದು ದಿನದೊಳಗೆ ನೋಡಿದರೆ ಹೊಳೆಯುವ ಹಾಸಿನಲ್ಲಿ ಕಪ್ಪು ತೂತುಗಳು. ಆಕ್ಟಿನ್ ಮತ್ತು ಕಾರ್ಟಾಕ್ಟಿನ್ ಚುಕ್ಕೆ ತೂತಿನ ಮೇಲೆಯೇ ಕೂತಿದ್ದರೆ ಮಾತ್ರ ಅದನ್ನು ಪಾದದ ಕೆಲಸವೆಂದು ಎಣಿಸಬೇಕು, ಚಿಮಟಿಗೆಯ ಗೀರೂ ಕಪ್ಪಾಗಿಯೇ ಕಾಣುತ್ತದೆ. ಹಾಸು ದಪ್ಪವಾದರೆ ತೂತಿನ ಕೆಳಗಿನ ಹೊಳಪು ಮೇಲೆ ಬಂದು ತೂತೇ ಮರೆಯಾಗುತ್ತದೆ. ಎಂಎಂಪಿ ತಡೆಯುವ ಜಿಎಂ6001 ಹಾಕಿದ ಒಂದು ಗಾಜು ಪಕ್ಕದಲ್ಲಿ ಇರಲೇಬೇಕು.

ಇನ್ನೊಂದು ವಿಧಾನ ಜೈಮೊಗ್ರಫಿ: ಜೆಲಾಟಿನ್ ಬೆರೆಸಿದ ಜೆಲ್‌ನಲ್ಲಿ ಕಿಣ್ವಗಳನ್ನು ಗಾತ್ರದಂತೆ ಬೇರ್ಪಡಿಸಿ, ಅವು ಜೆಲಾಟಿನ್ ಕತ್ತರಿಸಿದ ಗುರುತು ನೋಡುವುದು. ಇದರಲ್ಲಿ ಮಾದರಿಯನ್ನು ಕುದಿಸಬಾರದು, ಮರ್ಕ್ಯಾಪ್ಟೊಎಥನಾಲ್ ಹಾಕಬಾರದು, ಹಾಕಿದರೆ ಕಿಣ್ವ ಮತ್ತೆ ಮಡಚಿಕೊಳ್ಳುವುದಿಲ್ಲ. ಜೆಲ್‌ನಲ್ಲಿ 0.1% ಜೆಲಾಟಿನ್ ಇರಲಿ. ಓಡಿಸಿದ ಮೇಲೆ 2.5% ಟ್ರೈಟಾನ್‌ನಲ್ಲಿ ತೊಳೆದು, ಕ್ಯಾಲ್ಸಿಯಂ ಇರುವ ಬಫರ್‌ನಲ್ಲಿ 37 ಡಿಗ್ರಿಗೆ ರಾತ್ರಿಯಿಡೀ ಇಟ್ಟು ನೀಲಿ ಬಣ್ಣ ಹಾಕಿದರೆ, 92 ಕಿಲೋಡಾಲ್ಟನ್‌ನಲ್ಲಿ ಎಂಎಂಪಿ-9, 72ರಲ್ಲಿ ಬೀಗ ಹಾಕಿದ ಎಂಎಂಪಿ-2, ಅದಕ್ಕಿಂತ ಕೆಳಗೆ ಬೀಗ ತೆಗೆದ ಎಂಎಂಪಿ-2 ಬಿಳಿ ಪಟ್ಟಿಗಳಾಗಿ ಕಾಣುತ್ತವೆ. ಬೀಗ ಹಾಕಿದ ರೂಪವೂ ಇಲ್ಲಿ ಕತ್ತರಿಸುತ್ತದೆ, ಜೆಲ್ ಓಡಿಸಲು ಬಳಸುವ ಎಸ್‌ಡಿಎಸ್ ಎಂಬ ಮಾರ್ಜಕ ಅದರ ಬಾಯಿ ಬಿಡಿಸಿರುತ್ತದೆ. ಪಟ್ಟಿ ಕಂಡ ಮಾತ್ರಕ್ಕೆ ಅಂಗಾಂಶದಲ್ಲೂ ಅದು ಎಚ್ಚರವಾಗಿತ್ತು ಎನ್ನಬಾರದು. ಸೀರಮ್‌ನಲ್ಲಿ ತನ್ನದೇ ಎಂಎಂಪಿಗಳಿರುವುದರಿಂದ ಕೋಶಗಳನ್ನು ಸೀರಮ್ ಇಲ್ಲದ ದ್ರವದಲ್ಲಿಟ್ಟು ಮಾದರಿ ತೆಗೆಯಬೇಕು.

ಕಡೆಯದಾಗಿ, ಯಾವ ಜಾಲದಲ್ಲಿ ಪರೀಕ್ಷಿಸುತ್ತೀರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಇಲಿಯ ಗೆಡ್ಡೆಯಿಂದ ತೆಗೆದ ಮ್ಯಾಟ್ರಿಜೆಲ್ ಎಂಬ ತಳಪೊರೆಯಂಥ ಜೆಲ್‌ನಲ್ಲಿ ನಿಜವಾದ ತಳಪೊರೆಯ ಗಟ್ಟಿ ಬಂಧಗಳಿಲ್ಲ. ಪೆಪ್ಸಿನ್ ಹಾಕಿ ತೆಗೆದ ಕೊಲಾಜೆನ್‌ನಲ್ಲಿ ಎಳೆಗಳನ್ನು ಬೆಸೆಯುವ ತುದಿಭಾಗಗಳೇ ಕತ್ತರಿಸಿಹೋಗಿರುತ್ತವೆ. ಇವೆರಡರಲ್ಲೂ ಕೋಶಗಳು ಎಂಟಿ1-ಎಂಎಂಪಿ ಇಲ್ಲದೆಯೂ ದಾಟಬಲ್ಲವು. ತುದಿಭಾಗ ಉಳಿಯುವಂತೆ ಆಮ್ಲದಲ್ಲಿ ತೆಗೆದ ಕೊಲಾಜೆನ್ ಬಳಸಿದರೆ ಅದೇ ಕೋಶಗಳು ನಿಂತುಬಿಡುತ್ತವೆ. ‘ಕಿಣ್ವ ಬೇಕಿಲ್ಲ’ ಎಂಬ ಫಲಿತಾಂಶ ಬಂದಾಗ ಮೊದಲು ಕೊಲಾಜೆನ್ ಬಾಟಲಿಯ ಚೀಟಿ ಓದಿ.